ಅರಗು ಆರುವ ಮುನ್ನ

ಆ ಊರಿನಲ್ಲಿ ತೆರೆದ ವಸ್ತುವಿಗೆ ಮರ್ಯಾದೆಯಿರಲಿಲ್ಲ. ಮುಚ್ಚಿದ್ದೇ ತುಂಬಿದ್ದು, ತುಂಬಿದ್ದೇ ದೊಡ್ಡದು, ದೊಡ್ಡದನ್ನು ಯಾರೂ ಬಿಚ್ಚಿ ನೋಡಬಾರದು ಎಂಬುದನ್ನು ಅಲ್ಲಿಯವರು ಮಕ್ಕಳಿಗೆ ಮಾತಿನ ಜೊತೆಯಲ್ಲಿಯೇ ಕಲಿಸುತ್ತಿದ್ದರು.

ಊರಿನ ನಡುವೆ ಒಂದು ಬಯಲಿತ್ತು. ಹಿಂದೆ ಆ ಬಯಲಿನಲ್ಲಿ ಚೆಂಡಿನಾಟ ನಡೆಯುತ್ತಿತ್ತು. ಆಡಿದವರ ಚಿತ್ರಗಳನ್ನು ಅಂಗೈಯಗಲದ ಕಾರ್ಡುಗಳ ಮೇಲೆ ಅಚ್ಚುಹಾಕುವ ಮುದ್ರಣಶಾಲೆಯೊಂದು ಬಯಲಿನ ಅಂಚಿನಲ್ಲಿತ್ತು. ಕಾರ್ಡುಗಳನ್ನು ಪೊಟ್ಟಣ ಕಟ್ಟಿ, ಪ್ರತಿ ಪೊಟ್ಟಣದಲ್ಲಿ ಗುಲಾಬಿ ಬಣ್ಣದ ಒಂದು ಪೆಪ್ಪರಮೆಂಟು ಇಟ್ಟು, ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಪೆಟ್ಟಿಗೆಗೆ ಮೇಣಗಾಗದ ಸುತ್ತಿ, ದಾರದ ಗಂಟಿನ ಮೇಲೆ ಕೆಂಪು ಅರಗು ಸುರಿದು ಮುದ್ರೆಯೊತ್ತುತ್ತಿದ್ದರು. ಯಾವ ಪೆಟ್ಟಿಗೆಯಲ್ಲಿ ಯಾರ ಮುಖವಿದೆ ಎಂಬುದು ಕಟ್ಟಿದವರಿಗೂ ತಿಳಿಯುತ್ತಿರಲಿಲ್ಲ. ಒಂದು ಬೇಸಗೆಯಲ್ಲಿ ಮುದ್ರಣಶಾಲೆ ಸುಟ್ಟುಹೋಯಿತು. ಬಿಚ್ಚಿದ ಪೆಟ್ಟಿಗೆಗಳ ಕಾರ್ಡುಗಳು ಮಕ್ಕಳ ಜೇಬಿನಲ್ಲಿ ಸವೆದು, ಮಳೆಯಲ್ಲಿ ನೆನೆದು, ಒಲೆಗೆ ಬಿದ್ದು ಇಲ್ಲವಾದವು. ಬಿಚ್ಚದ ಪೆಟ್ಟಿಗೆಗಳಷ್ಟೇ ಉಳಿದವು. ಉಳಿದದ್ದನ್ನು ಊರು ಪೂಜಿಸತೊಡಗಿತು.

ಆಮೇಲೆ ಆಟ ನಿಂತಿತು. ಹೊಸಬರು ಆಡಿದರೆ ಹಳಬರ ಮುಖ ಹಗುರವಾದೀತೆಂದು ಬಯಲಿಗೆ ಬೇಲಿ ಹಾಕಿದರು. ಅಲ್ಲಿ ಹುಲ್ಲು ಬೆಳೆಯಿತು, ಹುಲ್ಲಿನಡಿಯಲ್ಲಿ ಇರುವೆ ಬೆಳೆಯಿತು.

ಇರುವೆಗಳೇ ಆ ಊರಿನ ಕಾವಲು. ಕಳ್ಳತನದಿಂದ ಪೆಟ್ಟಿಗೆ ಬಿಚ್ಚಿ ಮತ್ತೆ ಅರಗು ಸುರಿದವನು ಮನುಷ್ಯರ ಕಣ್ಣನ್ನು ವಂಚಿಸಬಹುದು. ಪೆಪ್ಪರಮೆಂಟಿನ ವಾಸನೆ ಹಿಡಿದ ಇರುವೆಯನ್ನು ವಂಚಿಸಲಾರ. ಆದರೆ ಇರುವೆ ಸತ್ಯ ಹೇಳಬೇಕಾದರೆ ಊರಿನಲ್ಲಿ ಬೇರೆ ಸಿಹಿ ಇರಬಾರದಲ್ಲ? ಆದಕಾರಣ ಅಲ್ಲಿ ಬೆಲ್ಲವಿರಲಿಲ್ಲ, ಸಕ್ಕರೆಯಿರಲಿಲ್ಲ, ಹಣ್ಣಾಗುವ ಮುಂಚೆಯೇ ಕಾಯಿ ಕೀಳುತ್ತಿದ್ದರು. ಮಗು ಹುಟ್ಟಿದರೆ ಉಪ್ಪು ಹಂಚುತ್ತಿದ್ದರು. ಮದುವೆಯಲ್ಲಿ ಗಂಡು ಹೆಣ್ಣಿನ ಬಾಯಿಗೆ, ಹೆಣ್ಣು ಗಂಡಿನ ಬಾಯಿಗೆ ಉಪ್ಪಿನ ಹರಳು ಇಡುತ್ತಿದ್ದರು. ಯಾವ ಮನೆಯ ಹೊಸ್ತಿಲಿಗೆ ಇರುವೆ ಸಾಲುಗಟ್ಟಿತೋ ಆ ಮನೆ ಪೆಟ್ಟಿಗೆ ಬಿಚ್ಚಿದ ಮನೆ.

ಪೆಟ್ಟಿಗೆ ಬಿಚ್ಚಿದವರಿಗೆ ಕಟ್ಟಳೆ ಒಂದೇ ಇತ್ತು. ಊರಿನ ಪೆಟ್ಟಿಗೆಗಳ ಎಣಿಕೆ ಇಳಿಯಬಾರದು. ಒಂದನ್ನು ಒಡೆದ ಮನೆ ಒಂದನ್ನು ತುಂಬಿಕೊಡಬೇಕು. ಕೊಡಲಾರದಿದ್ದರೆ ಒಡೆದವರ ಎರಡು ಕೈಗಳನ್ನೂ ಮೇಣಗಾಗದದಲ್ಲಿ ಸುತ್ತಿ ಅರಗು ಹಾಕುತ್ತಿದ್ದರು. ಆ ಮುದ್ರೆ ಬದುಕಿರುವ ತನಕ. ಅಂಥವರು ಬೀದಿಯಲ್ಲಿ ಬಾಯಿ ತೆರೆದು ನಿಲ್ಲುತ್ತಿದ್ದರು. ಮನಸ್ಸು ಬಂದವರು ತುತ್ತು ಹಾಕುತ್ತಿದ್ದರು, ಬಾರದವರು ಮಣ್ಣು ಹಾಕಿ ನಗುತ್ತಿದ್ದರು.

ಆ ಊರಿನಲ್ಲಿ ಕೊನೆಯ ಆಟಗಾರ ಇನ್ನೂ ಬದುಕಿದ್ದ. ಬಯಲಿನ ಬೇಲಿಗೆ ಬೆನ್ನು ಹಾಕಿದ ಮನೆಯೊಂದರಲ್ಲಿ ಅವನ ಮಗಳು ಅವನನ್ನು ನೋಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿದ್ದದ್ದು ಒಂದೇ ಪೆಟ್ಟಿಗೆ. ಆಟ ನಿಂತ ದಿನ ಆಟಗಾರನಿಗೆ ಊರು ಕೊಟ್ಟ ಕಾಣಿಕೆ. ಅವನು ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅದರ ಅರಗಿನ ಮೇಲೆ ಬೆರಳಿಟ್ಟದ್ದಕ್ಕೆ ಅವಳ ಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ದ. ಆಮೇಲೆ ತಾನೇ ಅತ್ತು, ಆ ಬೆರಳನ್ನು ತನ್ನ ಬಾಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ಕೂತಿದ್ದ. ಎರಡೂ ಅವಳಿಗೆ ನೆನಪಿದ್ದವು.

ಒಬ್ಬೊಬ್ಬ ಆಟಗಾರ ಸತ್ತಾಗಲೂ ಪೆಟ್ಟಿಗೆಗಳ ತೂಕ ಹೆಚ್ಚುತ್ತದೆಂದು ಊರು ನಂಬಿತ್ತು. ಸತ್ತವನ ಮುಖ ಇನ್ನು ಪೆಟ್ಟಿಗೆಯೊಳಗಲ್ಲದೆ ಬೇರೆಲ್ಲೂ ಇಲ್ಲವಲ್ಲ! ಹೀಗಾಗಿ ಆಟಗಾರ ಹಾಸಿಗೆ ಹಿಡಿದಂದಿನಿಂದ ಊರಿನವರು ದಿನವೂ ಅವನನ್ನು ವಿಚಾರಿಸಲು ಬರುತ್ತಿದ್ದರು. ಅಂಥ ಪ್ರೀತಿಯನ್ನು ಮಗಳು ಹಿಂದೆಂದೂ ಕಂಡಿರಲಿಲ್ಲ.

“ಏನಜ್ಜಾ, ಉಸಿರು ಹೇಗಿದೆ?” ಎಂದು ಎದುರುಮನೆಯವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. “ನಿನ್ನೆಗಿಂತ ಒಂದು ಚೂರು ಕಡಿಮೆಯಾಗಿರುವ ಹಾಗಿದೆ, ಅಲ್ಲವೇನೇ?”

“ಹಾಗೇನಿಲ್ಲ ಅಕ್ಕಾ. ಬೆಳಗ್ಗೆ ಗಂಜಿ ಕುಡಿದ.”

“ಕುಡಿದನೇ! ಅಯ್ಯೋ ಪಾಪ.” ಎದುರುಮನೆಯವಳು ನಿಜವಾಗಿಯೇ ಮರುಗಿದಳು. “ನಿನಗೆ ಎಷ್ಟು ಕಷ್ಟ ನೋಡು. ಗಟ್ಟಿ ಜೀವ. ನಮ್ಮ ಮಾವನೂ ಹೀಗೇ ಗಂಜಿ ಕುಡಿದು ಕುಡಿದೇ ನಮ್ಮನ್ನು ಸಾಯಿಸಿದ.”

ಆಟಗಾರನ ನೆನಪು ಸೋರಿಹೋಗುತ್ತಿತ್ತು. ಮೊದಲು ಜೊತೆಗಾರರ ಹೆಸರು ಹೋದವು. ಆಮೇಲೆ ಆಟದ ನಿಯಮ ಹೋದವು. ಕೊನೆಗೆ, ಒಂದು ಮಧ್ಯಾಹ್ನ, ಅವನು ತನ್ನ ಪಾದಗಳನ್ನು ನೋಡುತ್ತಾ ಕೇಳಿದ:

“ಮಗಳೇ, ನಾನು ಆಡುತ್ತಿದ್ದೆನೇ?”

“ಆಡುತ್ತಿದ್ದೆ ಅಪ್ಪಾ. ಚೆಂಡು ತೆಂಗಿನ ಗರಿಯ ಎತ್ತರಕ್ಕೆ ಹೋದರೂ ಹಾರಿ ಹಿಡಿಯುತ್ತಿದ್ದೆಯಂತೆ.”

“ನೀನು ನೋಡಿದ್ದೀಯಾ?”

“ಇಲ್ಲ. ನಾನು ಹುಟ್ಟುವ ಹೊತ್ತಿಗೆ ಬೇಲಿ ಹಾಕಿಯಾಗಿತ್ತು.”

“ನೋಡಿದವರು ಯಾರಾದರೂ ಇದ್ದಾರೆಯೇ?”

ಅವಳು ಯೋಚಿಸಿದಳು. “ಇಲ್ಲ ಅಪ್ಪಾ.”

“ಮತ್ತೆ ನೀನು ಹೇಳುವುದು ಯಾರ ಮಾತು?” ಅವನು ಗೋಡೆಯ ಕಡೆಗೆ ಹೊರಳಿದ. “ಹಾರಿದವನು ಬೇರೆ ಯಾರೋ. ನಾನು ಇಲ್ಲಿ ಸುಮ್ಮನೆ ಮಲಗಿರುವ ಮುದುಕ. ಯಾರ ಸಾವನ್ನೋ ನನ್ನ ಕೈಯಲ್ಲಿ ಸಾಯಿಸುತ್ತಿದ್ದೀರಿ.”

ಅಂದಿನಿಂದ ಅವನು ಗಂಜಿ ಬಿಟ್ಟ. ಸಾಯಲು ಬಿಟ್ಟದ್ದಲ್ಲ, ಬೇರೆಯವನ ಪಾಲಿನದು ತನಗೇಕೆ ಎಂದು ಬಿಟ್ಟದ್ದು. ಮಗಳು ತಟ್ಟೆ ಹಿಡಿದು ಕೂತರೆ, “ಆಟಗಾರನಿಗೆ ಕೊಡು,” ಎನ್ನುತ್ತಿದ್ದ. ಮುಖ ತೊಳೆಯಲು ಹೋದರೆ, “ಯಾರದೋ ಮುಖ, ಬಿಡು,” ಎನ್ನುತ್ತಿದ್ದ. ಒಂದು ದಿನ ಅವನು ತಲೆದೆಸೆಯ ಪೆಟ್ಟಿಗೆಯನ್ನು ತಡವಿ, ಅವಳ ಕೈ ಹಿಡಿದು, ತುಂಬ ಸಣ್ಣ ದನಿಯಲ್ಲಿ ಹೇಳಿದ:

“ಇದರೊಳಗೆ ನಾನಿದ್ದರೆ ಒಂದು ಸಲ ತೋರಿಸು. ನೋಡಿ ಸಾಯುತ್ತೇನೆ. ನೋಡದೆ ಸತ್ತರೆ ನಾನು ಹುಟ್ಟಿಯೇ ಇರಲಿಲ್ಲ.”

ಹುಣ್ಣಿಮೆಯ ಹಗಲು ಊರಿನಲ್ಲಿ ಮಗ್ಗುಲು ಬದಲಿಸುವ ವ್ರತ. ಒಂದೇ ಮಗ್ಗುಲಲ್ಲಿದ್ದರೆ ಒಳಗಿನ ಕಾರ್ಡುಗಳು ಬಾಗುತ್ತವೆಂದು ಎಲ್ಲ ಮನೆಯವರೂ ತಮ್ಮ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರಿನ ದೊಡ್ಡ ಕೋಠಿಗೆ ಹೋಗಿ, ಊರನ್ನಾಳುವ ಯಜಮಾನಿಯ ಮುಂದೆ, ಕಟ್ಟಳೆಯ ಅರಗು ಹೊಯ್ಯುವ ಮುದ್ರೆಗಾರ ಗಂಟೆ ಬಾರಿಸಿದಾಗ ಒಮ್ಮೆಗೇ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು. ಹಾಸಿಗೆ ಹಿಡಿದವರಿರುವ ಮನೆಗೆ ಮಾತ್ರ ವಿನಾಯಿತಿ. ಆ ಹಗಲು ಬೀದಿ ಬರಿದಾಯಿತು. ದೂರದಲ್ಲಿ ಗಂಟೆ ಕೇಳಿಸಿತು. ಮಗಳು ಬಾಗಿಲಿಗೆ ಅಗಳಿ ಹಾಕಿ, ಕುಡುಗೋಲಿನ ತುದಿಯಿಂದ ಅರಗನ್ನು ಎಬ್ಬಿಸಿದಳು.

ಅರಗು ಒಡೆದ ಸದ್ದು ಚಿಕ್ಕದು. ಹಲ್ಲಿಗೆ ಕಲ್ಲು ಸಿಕ್ಕಂತೆ. ಮೇಣಗಾಗದ ಬಿಚ್ಚಿದೊಡನೆ ಆ ಮನೆಯಲ್ಲಿ ಯಾರೂ ಅರಿಯದ ಒಂದು ವಾಸನೆ ಎದ್ದು ಬಂದು ಅವಳ ಕಣ್ಣಲ್ಲಿ ನೀರು ತರಿಸಿತು. ಅದು ಸಿಹಿಯ ವಾಸನೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಒಳಗೆ ಪೊಟ್ಟಣಗಳು ಇಟ್ಟಿಗೆಯಂತೆ ಕಟ್ಟಿಕೊಂಡಿದ್ದವು. ಎಷ್ಟೋ ಬೇಸಗೆಗಳ ಸೆಕೆಗೆ ಪೆಪ್ಪರಮೆಂಟು ಕರಗಿ, ಎಷ್ಟೋ ಚಳಿಗಾಲಗಳಲ್ಲಿ ಗಟ್ಟಿಯಾಗಿ, ಕಾರ್ಡಿಗೆ ಕಾರ್ಡು ಕಚ್ಚಿಕೊಂಡು ಎಲ್ಲ ಮುಖಗಳೂ ಒಂದೇ ತುಂಡಾಗಿದ್ದವು. ಅವಳು ಉಗುರಿನಿಂದ ಬಿಡಿಸಿದಳು. ಮುಖವೊಂದು ಕಿತ್ತು ಇನ್ನೊಂದು ಕಾರ್ಡಿನ ಬೆನ್ನಿಗೆ ಅಂಟಿಕೊಂಡಿತು. ಕುದಿಯುವ ನೀರಿನ ಹಬೆಗೆ ಹಿಡಿದಳು. ಕಣ್ಣು ಕರಗಿ ಗದ್ದಕ್ಕೆ ಇಳಿಯಿತು. ಕೈಗಳು ಸಿಕ್ಕವು, ಚೆಂಡು ಸಿಕ್ಕಿತು, ಯಾರದೋ ನಗೆಯ ಅರ್ಧ ಸಿಕ್ಕಿತು. ಮೂಲೆಯ ಒಂದೇ ಪೊಟ್ಟಣದಲ್ಲಿ ಪೆಪ್ಪರಮೆಂಟು ಕರಗದೆ ಉಳಿದಿತ್ತು. ಅದರ ಕಾರ್ಡುಗಳು ಮಾತ್ರ ಹಸನಾಗಿದ್ದವು. ಅವಳು ಅವನ್ನು ತಂದೆಯ ಮಡಿಲಲ್ಲಿ ಹರಡಿ, ಅವನನ್ನು ಎತ್ತಿ ಗೋಡೆಗೆ ಒರಗಿಸಿದಳು.

ಒಂದು ಕಾರ್ಡಿನಲ್ಲಿ ಯುವಕನೊಬ್ಬ ನೆಲ ಬಿಟ್ಟು ಹಾರಿದ್ದ. ಚೆಂಡು ಅವನ ಬೆರಳ ತುದಿಯಲ್ಲಿತ್ತು.

“ನೋಡಪ್ಪಾ. ನೀನೇ!”

ಮುದುಕ ಬಹಳ ಹೊತ್ತು ನೋಡಿದ. ಅವನ ಕಣ್ಣಿನಲ್ಲಿ ಏನೋ ಹತ್ತಿಕೊಂಡಿತು. ಮಗಳ ಎದೆ ತುಂಬಿ ಬಂತು.

“ಅಲ್ಲ,” ಎಂದ ಅವನು. “ಇವನನ್ನು ನಾನು ಬಲ್ಲೆ. ಇವನು ನನ್ನ ಮೊಣಕಾಲಿನ ಎತ್ತರಕ್ಕೂ ಹಾರುತ್ತಿರಲಿಲ್ಲ. ಚಿತ್ರದವನು ಬಂದಾಗ ಸ್ಟೂಲಿನ ಮೇಲಿಂದ ನೆಗೆದ ಕಳ್ಳ! ಇವನೂ ಗೊತ್ತು, ಎಡಗೈಯವನು. ಇವನೂ ಗೊತ್ತು, ಚೆಂಡಿಗೆ ಹೆದರುತ್ತಿದ್ದ.” ಕಳೆದುಹೋಗಿದ್ದ ಹೆಸರುಗಳೆಲ್ಲ ಅವನ ಬಾಯಿಗೆ ಮರಳಿ ಬಂದವು. ಒಂದೊಂದು ಹೆಸರನ್ನೂ ಅವನು ಎಂಜಲಿನಂತೆ ಉಗುಳಿದ. ಎಲ್ಲರನ್ನೂ ಕರೆದು ಮುಗಿದ ಮೇಲೆ ಕಾರ್ಡುಗಳನ್ನು ಮಗುಚಿ ನೋಡಿ, ಬರಿದಾದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿ ನೋಡಿದ.

“ಅವರೆಲ್ಲ ಇದ್ದಾರೆ. ನಾನಿಲ್ಲ.”

“ಅಂಟಿಕೊಂಡವುಗಳಲ್ಲಿ ಇದ್ದಿರಬಹುದು ಅಪ್ಪಾ. ಹಬೆಗೆ ಹಾಳಾದವುಗಳಲ್ಲಿ—”

“ಮುಚ್ಚಿದ್ದಾಗ ನಾನು ಇದರೊಳಗಿದ್ದೆ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. “ಊರಿನ ಎಲ್ಲ ಪೆಟ್ಟಿಗೆಗಳೊಳಗೂ ಇದ್ದೆ. ನೀನು ಬಿಚ್ಚಿ ನನ್ನನ್ನು ಇಲ್ಲಿಂದ ಹೊರಗೆ ಹಾಕಿದೆ.”

“ನೀನೇ ಕೇಳಿದೆಯಲ್ಲಾ ಅಪ್ಪಾ!”

“ಕೇಳಿದವನು ಬುದ್ಧಿಗೆಟ್ಟ ಮುದುಕ. ಅವನ ಮಾತು ಕೇಳಿ ಆಟಗಾರನನ್ನು ಕೊಂದೆಯಾ?”

ಹೀಗೆನ್ನುತ್ತಲೇ ಅವನ ಕೈ ಮಡಿಲಲ್ಲಿದ್ದ ಕರಗದ ಪೆಪ್ಪರಮೆಂಟನ್ನು ಎತ್ತಿ, ತಾನೇನು ಮಾಡುತ್ತಿದ್ದೇನೆಂದು ಅರಿಯದೆ, ಬಾಯಿಗೆ ಹಾಕಿಕೊಂಡಿತು. ಮುದುಕ ಚೀಪಿದ. ಅವನ ಮುಖ ಹಸುಗೂಸಿನ ಮುಖವಾಯಿತು. ಅದನ್ನು ಬಾಯಿಂದ ಕಿತ್ತುಕೊಳ್ಳಬೇಕೆಂಬುದು ಮಗಳಿಗೆ ತಿಳಿದಿತ್ತು. ಕಿತ್ತುಕೊಳ್ಳಲಾರದೆ ಅವನ ಗಲ್ಲದ ಮೇಲೆ ಇಳಿದ ಗುಲಾಬಿ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಕಾರ್ಡುಗಳನ್ನು ಒಲೆಗೆ ಹಾಕಿದಳು. ಪೆಟ್ಟಿಗೆಗೆ ಹಿಟ್ಟು ತುಂಬಿ, ಮೇಣಗಾಗದ ಸುತ್ತಿ, ಒಡೆದ ಅರಗನ್ನು ಕರಗಿಸಿ ಹೊಯ್ದಳು. ಹಳೆಯ ಮುದ್ರೆಗಳೆಲ್ಲ ಸವೆದು ನುಣುಪಾಗಿದ್ದರಿಂದ ಮನುಷ್ಯರ ಕಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ.

ಸಂಜೆ, ಪೆಟ್ಟಿಗೆ ಹೊತ್ತು ಮರಳುತ್ತಿದ್ದ ಜನ ಬೀದಿಯಲ್ಲಿ ನಿಂತರು. ಬೇಲಿಯ ಸಂದಿಯಿಂದ ಇರುವೆಯ ಸಾಲೊಂದು ಹೊರಟಿತ್ತು. ಜನ ಅದರ ಎರಡು ಬದಿಗೂ ಸಾಲಾಗಿ, ಹಬ್ಬದ ಮೆರವಣಿಗೆಯಂತೆ ಮೆಲ್ಲನೆ ಅದರ ಜೊತೆ ನಡೆದರು. ಸಾಲು ಆಟಗಾರನ ಹೊಸ್ತಿಲು ದಾಟಿತು, ಪೆಟ್ಟಿಗೆಯನ್ನು ಬಳಸಿ ಹೋಯಿತು, ಹಾಸಿಗೆ ಹತ್ತಿತು, ನಿದ್ರಿಸುತ್ತಿದ್ದ ಮುದುಕನ ತುಟಿಯ ಅಂಚಿನಲ್ಲಿ ನಿಂತಿತು.

“ಅಯ್ಯಯ್ಯೋ, ಪುಣ್ಯಾತ್ಮ!” ಎಂದಳು ಎದುರುಮನೆಯವಳು. “ಬಾಯಿ ಸಿಹಿ ಮಾಡಿಕೊಂಡಿದ್ದಾನಲ್ಲೇ! ನಾವು ಮದುವೆಗೂ ಉಪ್ಪು ನೆಕ್ಕಿದವರು.”

ಯಜಮಾನಿ ಬಂದಳು. ಮುದ್ರೆಗಾರ ಅವಳ ಹಿಂದೆ ಬಂದ. ಯಜಮಾನಿ ಎತ್ತರದ, ಮೃದುಮಾತಿನ ಹೆಂಗಸು. ಅವಳು ಯಾರನ್ನೂ ಗದರಿಸಿದ್ದನ್ನು ಊರು ಕಂಡಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೂತು, ಮುದುಕನ ತುಟಿಯಿಂದ ಇರುವೆಗಳನ್ನು ಒಂದೊಂದಾಗಿ ಬೆರಳಿನಿಂದ ತೆಗೆದಳು.

“ಬಿಚ್ಚಿದವರು ಯಾರು, ಅಣ್ಣಾ?”

ಮಗಳು ಬಾಯಿ ತೆರೆಯುವ ಮುಂಚೆ ತಂದೆಯ ಬೆರಳು ಎದ್ದಿತ್ತು. ಅದು ಅವಳ ಕಡೆಗಿತ್ತು.

“ನಾನೇ,” ಎಂದಳು ಮಗಳು, ತನ್ನನ್ನು ಯಾರೂ ಕೇಳದ ಪ್ರಶ್ನೆಗೆ ಉತ್ತರದಂತೆ. “ಕೊಡಲು ಬೇರೆ ಪೆಟ್ಟಿಗೆಯಿಲ್ಲ. ಕೈ ತೆಗೆದುಕೊಳ್ಳಿ.” ಎರಡು ಕೈಗಳನ್ನೂ ಮುಂದೆ ಚಾಚಿದಳು. ಮುದ್ರೆಗಾರ ಜೋಳಿಗೆಯಿಂದ ಮೇಣಗಾಗದ ತೆಗೆದ.

“ತಡಿ,” ಎಂದ ಮುದುಕ. ಅವನು ತಾನಾಗಿಯೇ ಎದ್ದು ಕೂತಿದ್ದ. “ಎಣಿಕೆಗೆ ಒಂದು ಕಡಿಮೆ, ತಾನೇ? ನಾನಿದ್ದೇನೆ. ನಾನು ಹಾರಿದ್ದನ್ನು ನೋಡಿದವರು ಯಾರೂ ಬದುಕಿಲ್ಲ. ನನ್ನೊಳಗೆ ಏನಿದೆಯೆಂದು ಬಲ್ಲವರಿಲ್ಲ. ಇಷ್ಟು ಬಿಚ್ಚದ ಸರಕು ಈ ಊರಿನಲ್ಲಿ ಇನ್ನೊಂದಿದೆಯೇ? ನನ್ನನ್ನು ಕಟ್ಟಿ.”

ಬೀದಿಯಲ್ಲಿ ಯಾರೋ ನೆಲಕ್ಕೆ ಹಣೆ ಮುಟ್ಟಿಸಿದರು.

“ಅಪ್ಪಾ, ಬೇಡ. ನನ್ನ ಕೈ ಹೋದರೆ ಹೋಗಲಿ,” ಎಂದು ಮಗಳು ಅವನ ಕಾಲು ಹಿಡಿದಳು.

“ಕೈಗಳು ಊರಿನಲ್ಲಿ ಬೇಕಾದಷ್ಟಿವೆ, ಮಗೂ,” ಎಂದಳು ಯಜಮಾನಿ, ಅವಳ ತಲೆ ಸವರಿ. “ಕೊನೆಯ ಆಟಗಾರ ಒಬ್ಬನೇ.”

ಬಡಗಿಗಳು ಪೆಟ್ಟಿಗೆ ತಂದರು. ಅಳತೆ ಸರಿಯಾಗಿತ್ತು, ಎಂದೋ ಮಾಡಿಸಿಟ್ಟದ್ದೆಂದು ಕಂಡವರಿಗೆಲ್ಲ ತಿಳಿಯಿತು. ಹೆಂಗಸರು ಮುದುಕನ ಮೈ ಒರೆಸಿದರು. ಎಷ್ಟೋ ದಿನಗಳ ಮೇಲೆ ಅವನು ಮುಖ ತೊಳೆಯಲು ಬಿಟ್ಟ. ಮೊಣಕಾಲು ಮಡಿಸಿ ಒಳಗೆ ಕೂತವನ ಮುಖದಲ್ಲಿ ನಾಚಿಕೆಯಂಥ ಸಂತೋಷವಿತ್ತು. ಮದುಮಗನಂತೆ ಅತ್ತಿತ್ತ ನೋಡುತ್ತಿದ್ದ. ಮುಚ್ಚಳ ಎತ್ತುವ ಮುನ್ನ ಮಗಳನ್ನು ಸನ್ನೆ ಮಾಡಿ ಕರೆದ.

“ಕೇಳು. ಒಳಗಿನಿಂದ ಕೂಗಿದರೂ ತೆಗೆಯಬೇಡ. ಕೂಗುವವನು ನಾನಲ್ಲ. ನನ್ನ ಮುದಿತನ.”

“ನನಗೆ ಹೇಗೆ ಗೊತ್ತಾಗಬೇಕು ಅಪ್ಪಾ, ಯಾರು ಕೂಗುತ್ತಿದ್ದಾರೆಂದು?”

“ಒಂದು ಸಲ ಗೊತ್ತುಮಾಡಿಕೊಳ್ಳಲು ಹೋಗಿ ಏನಾಯಿತು?” ಎಂದು ಅವನು ತಲೆ ಬಗ್ಗಿಸಿದ.

ಮುಚ್ಚಳ ಬಿತ್ತು. ಮೇಣಗಾಗದ ಸುತ್ತಿದರು. ದಾರ ಬಿಗಿದರು. ಮುದ್ರೆಗಾರ ಗಂಟಿನ ಮೇಲೆ ಕೆಂಪು ಅರಗನ್ನು ಹೊಯ್ದು, ಹಿತ್ತಾಳೆಯ ಅಚ್ಚನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ನಿಂತ.

“ಕಟ್ಟಳೆ ನಿನಗೆ ತಿಳಿದಿರಲಿ,” ಎಂದಳು ಯಜಮಾನಿ. “ಅರಗು ಆರುವ ತನಕ ಅದು ಮುದ್ರೆಯಲ್ಲ. ಆರುವ ಮುನ್ನ ಬಿಚ್ಚಿದರೆ ಅಪರಾಧವಿಲ್ಲ. ಬೇಕಾದರೆ ಬಿಚ್ಚಿಕೋ. ಯಾರೂ ತಡೆಯುವುದಿಲ್ಲ.”

ಹಾಗೆಂದು ಅವಳು ಹಿಂದೆ ಸರಿದಳು. ಅವಳೊಡನೆ ಊರೆಲ್ಲ ಹಿಂದೆ ಸರಿಯಿತು. ಪೆಟ್ಟಿಗೆ ಮತ್ತು ಮಗಳು ಮಾತ್ರ ಉಳಿದರು. ಯಾರಾದರೂ ತಡೆದಿದ್ದರೆ ಅವರನ್ನು ನೂಕಿಯಾದರೂ ಬಿಚ್ಚುತ್ತಿದ್ದೆನಲ್ಲಾ ಎಂದು ಅವಳಿಗೆ ಅನ್ನಿಸಿತು. ಯಾರೂ ಹತ್ತಿರ ಬರಲಿಲ್ಲ.

ಒಳಗಿನಿಂದ ಬಡಿತ ಕೇಳಿಸಿತು.

ಅವಳು ಗಂಟಿನ ಮೇಲೆ ಹೆಬ್ಬೆರಳಿಟ್ಟಳು. ಅರಗು ಬಿಸಿಯಾಗಿತ್ತು, ಹಿಟ್ಟಿನ ಮುದ್ದೆಯಂತೆ ಮೆತ್ತಗಿತ್ತು. ಉಗುರು ಹಾಕಿ ಎಳೆದರೆ ಸಾಕು, ಬಂದುಬಿಡುತ್ತದೆ. ಮುಚ್ಚಳ ತೆರೆದರೆ ಅವನು ತಲೆಯೆತ್ತಿ ತನ್ನನ್ನು ನೋಡುತ್ತಾನೆ. ಹಗಲು ಪೆಟ್ಟಿಗೆ ಬಿಚ್ಚಿದಾಗ ನೋಡಿದ ಹಾಗೆಯೇ ನೋಡುತ್ತಾನೆಯೇ? ‘ಇನ್ನೊಮ್ಮೆ ನನ್ನನ್ನು ಕೊಂದೆಯಾ’ ಎನ್ನುತ್ತಾನೆಯೇ? ಅಥವಾ, ‘ಬಂದೆಯಾ ಮಗಳೇ’ ಎನ್ನುತ್ತಾನೆಯೇ?

ಮತ್ತೆ ಬಡಿತ. ಇದು ಮುದಿತನವಿರಬೇಕು, ಎಂದುಕೊಂಡಳು. ಇನ್ನೊಮ್ಮೆ ಬಡಿದರೆ ಅವನೇ. ಇನ್ನೊಮ್ಮೆ ಬಡಿದರೆ ಬಿಚ್ಚುತ್ತೇನೆ.

ಬಡಿತ ಬಂತು. ಅದರೊಡನೆ ದನಿಯೂ ಬಂತು. ಮೇಣಗಾಗದದ ಮೂಲಕ ಬಂದ ದನಿಯಲ್ಲಿ ಮಾತಿರಲಿಲ್ಲ, ಅವಳ ಹೆಸರಿನ ಉದ್ದದ ಒಂದು ನಾದವಿತ್ತು. ಹೆಬ್ಬೆರಳನ್ನು ಅವಳು ಇನ್ನಷ್ಟು ಒತ್ತಿದಳು, ಎಳೆಯುವುದಕ್ಕೆ ಬಲ ಕೂಡಿಸುವವಳಂತೆ. ಇದೊಂದು ಸ್ಪಷ್ಟವಾಗಲಿಲ್ಲ. ಸ್ಪಷ್ಟವಾಗಿ ಒಂದೇ ಒಂದು ಸಲ ಕರೆಯಲಿ. ಕರೆದರೆ ಬಿಚ್ಚುತ್ತೇನೆ. ಖಂಡಿತ ಬಿಚ್ಚುತ್ತೇನೆ. ಅವಳು ಕಿವಿಯನ್ನು ಹಲಗೆಗೆ ಆನಿಸಿ ಕಾದಳು. ಉಗುರಿನ ಗೀರಿನಂಥದೊಂದು ಕೇಳಿಸಿತು; ಮರದ್ದೋ ಮನುಷ್ಯನದೋ ತಿಳಿಯಲಿಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು. ಊರು ತಲೆ ತಗ್ಗಿಸಿ ಕಾಯಿತು. ಕತ್ತಲೆ ಇಳಿದು ಗಾಳಿ ತಂಪಾಯಿತು.

ಸಾಕಷ್ಟು ಹೊತ್ತಾದ ಮೇಲೆ ಮುದ್ರೆಗಾರ ಬಂದು ಅವಳ ಮಣಿಕಟ್ಟು ಹಿಡಿದು ಎತ್ತಿದ. ಹೆಬ್ಬೆರಳಿನ ಒಂದಿಷ್ಟು ಚರ್ಮ ಅರಗಿನಲ್ಲಿ ಉಳಿಯಿತು. ಅವನು ಬಗ್ಗಿ ನೋಡಿದ, ದೀಪ ತರಿಸಿ ನೋಡಿದ. ಗಟ್ಟಿಯಾದ ಕೆಂಪಿನಲ್ಲಿ ಅವಳ ಬೆರಳಿನ ಒಂದೊಂದು ಗೆರೆಯೂ ಸುಳಿ ಸುಳಿಯಾಗಿ, ಎಲ್ಲಿಯೂ ತುಂಡಾಗದೆ, ಅಚ್ಚೊತ್ತಿತ್ತು.

“ನನ್ನ ಕೈಯಿಂದಲೂ ಇಷ್ಟು ಆಳವಾದ ಮುದ್ರೆ ಬಿದ್ದದ್ದಿಲ್ಲ,” ಎಂದು ಅವನು ಯಜಮಾನಿಗೆ ಹೇಳಿ, ಹಿತ್ತಾಳೆಯ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಜೋಳಿಗೆಗೆ ಹಾಕಿಕೊಂಡ.